ಹೈಟಿ ಕ್ರಾಂತಿ: ‘ನಾವು’ ಅಂದ್ರೆ ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತಿನ ಸಂಚಿಕೆ ಹೈಟಿ ಕ್ರಾಂತಿಯ ಬಗ್ಗೆ. ಶುರು ಮಾಡೋಕೆ ಮುಂಚೆ ಒಂದು ವಿಷಯ ಒಪ್ಪಿಕೊಂಡುಬಿಡ್ತೀನಿ. ಈ ಸಂಚಿಕೆಗೆ ನಾನು ಮೊದಲು ಬರೆದಿದ್ದ ಸ್ಕ್ರಿಪ್ಟ್ ತುಂಬಾ ಸಲೀಸಾಗಿತ್ತು. ಬಿಳಿ ಮಾಲೀಕರು ಹಿಂಸೆ ಕೊಟ್ಟರು, ಕಪ್ಪು ಗುಲಾಮರು ದಂಗೆ ಎದ್ದರು, ಗೆದ್ದರು, 1804ರಲ್ಲಿ ಸ್ವಂತ ದೇಶ ಕಟ್ಟಿದರು. ಇಷ್ಟೇ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಗುಲಾಮರೇ ದಂಗೆ ಎದ್ದು, ಗೆದ್ದು, ದೇಶವೊಂದನ್ನು ಸ್ಥಾಪಿಸಿದ ಇನ್ನೊಂದು ಉದಾಹರಣೆ ಇತಿಹಾಸದಲ್ಲಿ ಇಲ್ಲ.

ಆದರೆ ಓದ್ತಾ ಹೋದ ಹಾಗೆ ಆ ಸ್ಕ್ರಿಪ್ಟ್ ಕೈಯಲ್ಲೇ ಹರಿದುಹೋಯ್ತು. ಗುಲಾಮರನ್ನು ಇಟ್ಟುಕೊಂಡಿದ್ದ ಕಪ್ಪು ಜನ ಸಿಕ್ಕರು. ಗುಲಾಮಗಿರಿಯನ್ನು ರದ್ದು ಮಾಡಿದ ಬಿಳಿಯ ಅಧಿಕಾರಿ ಸಿಕ್ಕ. ಕ್ರಾಂತಿಯ ಮಹಾನಾಯಕನೇ ತನ್ನ ಸ್ವಂತದವನನ್ನು ಗುಂಡಿಟ್ಟು ಕೊಲ್ಲಿಸಿದ್ದು ಗೊತ್ತಾಯ್ತು. ಹಾಗಾದ್ರೆ ಅಲ್ಲಿ ಯಾರ ವಿರುದ್ಧ ಯಾರು ಹೊಡೆದಾಡ್ತಿದ್ರು? ಯಾತಕ್ಕೆ? ಇವತ್ತು ಆ ಪ್ರಶ್ನೆಯನ್ನೇ ಬಿಡಿಸೋಣ.

ಸಕ್ಕರೆಯ ದ್ವೀಪ, ಬಣ್ಣದ ಏಣಿ

ಮೊದಲು ಜಾಗ ಯಾವುದು ಅಂತ ನೋಡೋಣ. ಕೆರಿಬಿಯನ್ ಸಮುದ್ರದಲ್ಲಿ ಹಿಸ್ಪಾನಿಯೋಲಾ ಅನ್ನೋ ದ್ವೀಪ ಇದೆ. ಅದರ ಪಶ್ಚಿಮದ ಮೂರನೇ ಒಂದು ಭಾಗ 1697ರ ಒಪ್ಪಂದದಲ್ಲಿ ಫ್ರಾನ್ಸ್ ಕೈಗೆ ಬಂತು. ಅದಕ್ಕೆ ಅವರು ಇಟ್ಟ ಹೆಸರು ಸೇಂಟ್ ಡೊಮಿಂಗ್. ಇವತ್ತಿನ ಹೈಟಿ ಅದೇ. ಉಳಿದ ಭಾಗ ಸ್ಪೇನ್‌ ಹತ್ತಿರ ಉಳಿಯಿತು.

ಅಷ್ಟು ಚಿಕ್ಕ ವಸಾಹತು 1780ರ ದಶಕದ ಹೊತ್ತಿಗೆ ಯುರೋಪಿಗೆ ಹೋಗುತ್ತಿದ್ದ ಸಕ್ಕರೆಯಲ್ಲಿ ಸುಮಾರು ಶೇ 40ರಷ್ಟನ್ನು ಬೆಳೆಯುತ್ತಿತ್ತು. ಪ್ರಪಂಚದ ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತಿತ್ತು ಅಂತ ಅಂದಾಜು. ಪ್ಯಾರಿಸ್‌ನಲ್ಲಿ ಯಾರೋ ಬೆಳಿಗ್ಗೆ ಎದ್ದು ಸಿಹಿ ಕಾಫಿ ಕುಡಿದರೆ, ಆ ಲೋಟದಲ್ಲಿ ಕಾಫಿಯೂ ಅಲ್ಲಿಯದು, ಸಕ್ಕರೆಯೂ ಅಲ್ಲಿಯದು.

ಬೆಳೆದವರು ಯಾರು? ಸುಮಾರು 5 ಲಕ್ಷ ಗುಲಾಮರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಫ್ರಿಕಾದಲ್ಲೇ ಹುಟ್ಟಿ, ಹಡಗಿನಲ್ಲಿ ಬಂದು ಇಳಿದವರು. ಕಬ್ಬಿನ ತೋಟದ ಕೆಲಸ ಎಷ್ಟು ಕ್ರೂರವಾಗಿತ್ತು ಅಂದ್ರೆ, ಹಗಲು ಕಟಾವು, ರಾತ್ರಿ ಗಾಣ ಮತ್ತು ಕೊಪ್ಪರಿಗೆ. ಹೊಸದಾಗಿ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದರು. ಸತ್ತವರ ಜಾಗಕ್ಕೆ ಮತ್ತೆ ಕೊಂಡು ತರುತ್ತಿದ್ದರು. ಕ್ರಾಂತಿಗೆ ಮುಂಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 30 ಸಾವಿರ ಜನ.

ಇವರ ಮೇಲೆ ಕೂತಿದ್ದ ಬಿಳಿಯರು 30ರಿಂದ 40 ಸಾವಿರ. ಅವರೂ ಒಂದೇ ಗುಂಪಲ್ಲ. ತೋಟದ ಮಾಲೀಕರು, ದೊಡ್ಡ ವ್ಯಾಪಾರಿಗಳು, ಅಧಿಕಾರಿಗಳನ್ನು ‘ದೊಡ್ಡ ಬಿಳಿಯರು’ ಅಂತಿದ್ರು. ಬಡಗಿ, ಅಂಗಡಿಯವ, ಮೇಸ್ತ್ರಿ, ನಾವಿಕ, ಇವರು ‘ಚಿಕ್ಕ ಬಿಳಿಯರು’. ಚಿಕ್ಕ ಬಿಳಿಯರ ಹತ್ತಿರ ಆಸ್ತಿ ಇರಲಿಲ್ಲ, ಚರ್ಮ ಮಾತ್ರ ಇತ್ತು.

ಈ ಎರಡರ ನಡುವೆ ಮೂರನೇ ಗುಂಪೊಂದಿತ್ತು, ಸುಮಾರು 28 ಸಾವಿರ ಜನ. ಬಿಳಿ ಅಪ್ಪ, ಕಪ್ಪು ಅಮ್ಮನಿಗೆ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು, ಜೊತೆಗೆ ಬಿಡುಗಡೆ ಪಡೆದ ಕಪ್ಪು ಜನ. ಇವರನ್ನು ‘ಸ್ವತಂತ್ರ ವರ್ಣೀಯರು’ ಅಂತ ಕರೆಯೋಣ. ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ. ಇವರಲ್ಲಿ ಎಷ್ಟೋ ಜನ ಶ್ರೀಮಂತರು. ವಸಾಹತಿನ ತೋಟಗಳಲ್ಲಿ ಮೂರನೇ ಒಂದು ಪಾಲು, ಗುಲಾಮರಲ್ಲಿ ನಾಲ್ಕನೇ ಒಂದು ಪಾಲು ಇವರದ್ದಾಗಿತ್ತು ಅನ್ನೋದು ಸಾಮಾನ್ಯವಾಗಿ ಕೊಡುವ ಅಂದಾಜು.

ಅಂದ್ರೆ ಶ್ರೀಮಂತ ವರ್ಣೀಯನ ಮನೆ ಮುಂದೆ ಬಡ ಬಿಳಿಯ ಹಾದುಹೋಗಬೇಕು. ಹೊಟ್ಟೆಕಿಚ್ಚು ಹುಟ್ಟದೇ ಇರುತ್ತಾ? 1760ರ ನಂತರ ಒಂದರ ಹಿಂದೆ ಒಂದು ಕಾನೂನು ಬಂತು. ವರ್ಣೀಯರು ಬಿಳಿಯರ ಮನೆತನದ ಹೆಸರು ಇಟ್ಟುಕೊಳ್ಳಬಾರದು. ವೈದ್ಯಕೀಯ, ವಕೀಲಿಕೆ ಮಾಡಬಾರದು. ಬಿಳಿಯರ ಥರ ಬಟ್ಟೆ ಹಾಕಬಾರದು.

ಆಗ ಮೊರೊ ದ ಸಾಂ ಮೆರಿ ಅನ್ನೋ ವಕೀಲ ಇದ್ದ. ಆತ ಮನುಷ್ಯನನ್ನು 128 ಭಾಗ ಮಾಡಿ, ಯಾರಲ್ಲಿ ಎಷ್ಟು ಭಾಗ ಬಿಳಿ, ಎಷ್ಟು ಭಾಗ ಕಪ್ಪು ಅಂತ ಲೆಕ್ಕ ಹಾಕಿ, ಪ್ರತಿ ಮಿಶ್ರಣಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಪುಸ್ತಕದಲ್ಲಿ ಬರೆದಿಟ್ಟ. 128ರಲ್ಲಿ 127 ಭಾಗ ಬಿಳಿ ಇದ್ದರೂ ಆ ಮನುಷ್ಯ ಬಿಳಿಯ ಅಲ್ಲ! ಯಾಕೆ ಇಷ್ಟು ಕರಾರುವಾಕ್ಕು? ಒಬ್ಬ ಬಿಳಿಯನಿಗೆ ಇಪ್ಪತ್ತು, ಮೂವತ್ತು ಗುಲಾಮರಿದ್ದ ಕಡೆಯಲ್ಲೂ ಹತ್ತಾರು ಸಾವಿರ ಜನ ಐದು ಲಕ್ಷ ಜನರನ್ನು ಹದ್ದುಬಸ್ತಿನಲ್ಲಿ ಇಡಬೇಕು. ಬರೀ ಚಾಟಿಯಿಂದ ಅದು ಆಗಲ್ಲ. ಪ್ರತಿಯೊಬ್ಬನಿಗೂ ತನಗಿಂತ ಕೆಳಗೆ ಒಬ್ಬ ಇದ್ದಾನೆ ಅನ್ನೋ ಸಮಾಧಾನ ಬೇಕು. ‘ಶ್ರೇಣೀಕೃತ ಅಸಮಾನತೆ’ ಅನ್ನೋ ಮಾತನ್ನು ಅಂಬೇಡ್ಕರ್ ಮೂಲಕ ಕೇಳಿರೋ ನಮಗೆ ಈ ಏಣಿ ಹೇಗೆ ಕೆಲಸ ಮಾಡುತ್ತೆ ಅಂತ ಹೆಚ್ಚು ವಿವರಿಸಬೇಕಾಗಿಲ್ಲ. ಜಾತಿ ಬೇರೆ, ಅಲ್ಲಿನ ಬಣ್ಣ ಬೇರೆ. ಆದರೆ ಏಣಿಯ ಗುಣ ಮಾತ್ರ ಗುರುತು ಸಿಗುತ್ತೆ.

ನಮಗೆ ಬೇಕು, ಅವರಿಗೆ ಬೇಡ

1789. ಫ್ರಾನ್ಸ್‌ನಲ್ಲಿ ಕ್ರಾಂತಿ. ಎಲ್ಲ ಮನುಷ್ಯರೂ ಸ್ವತಂತ್ರರಾಗಿ, ಸಮಾನರಾಗಿ ಹುಟ್ಟುತ್ತಾರೆ ಅನ್ನೋ ಘೋಷಣೆ. ಈ ಸುದ್ದಿ ಹಡಗು ಹತ್ತಿ ಸೇಂಟ್ ಡೊಮಿಂಗ್‌ಗೆ ಬಂತು. ಆಮೇಲೆ ನಡೆದದ್ದೇ ಈ ಕಥೆಯ ತಿರುಳು.

ದೊಡ್ಡ ಬಿಳಿಯರು ‘ಸ್ವಾತಂತ್ರ್ಯ’ ಅನ್ನೋ ಮಾತನ್ನು ಹೀಗೆ ಅರ್ಥ ಮಾಡಿಕೊಂಡರು: ಪ್ಯಾರಿಸ್ ನಮ್ಮ ವ್ಯಾಪಾರಕ್ಕೆ ಕೈ ಹಾಕಬಾರದು. ಚಿಕ್ಕ ಬಿಳಿಯರ ಅರ್ಥ ಬೇರೆ: ನಾವೂ ದೊಡ್ಡವರಿಗೆ ಸಮ. ಆದರೆ ವರ್ಣೀಯರು ನಮಗೆ ಸಮ ಅಲ್ಲ. ವರ್ಣೀಯರ ಅರ್ಥ ಇನ್ನೊಂದು: ಆಸ್ತಿ ಇರುವ ನಾವು ಬಿಳಿಯರಿಗೆ ಸಮ. ಗುಲಾಮರ ವಿಷಯ ಈಗ ಎತ್ತಬೇಡಿ.

ವಿನ್ಸೆಂಟ್ ಓಜೆ ಅನ್ನೋ ಶ್ರೀಮಂತ ವರ್ಣೀಯ ವ್ಯಾಪಾರಿ ಪ್ಯಾರಿಸ್‌ನಲ್ಲಿ ಹಕ್ಕಿಗಾಗಿ ಓಡಾಡಿ ಸಾಕಾಗಿ, 1790ರ ಅಕ್ಟೋಬರ್‌ನಲ್ಲಿ ವಾಪಸ್ ಬಂದು ಕೆಲವು ನೂರು ಜನರನ್ನು ಸೇರಿಸಿ ಬಂಡಾಯ ಹೂಡಿದ. ಆತನ ಬೇಡಿಕೆ ಸ್ವತಂತ್ರ ವರ್ಣೀಯರಿಗೆ ಮತದಾನದ ಹಕ್ಕು. ಗುಲಾಮರ ಬಿಡುಗಡೆ ತನ್ನ ಬೇಡಿಕೆಯಲ್ಲಿ ಇಲ್ಲ ಅಂತ ಆತ ಸ್ಪಷ್ಟವಾಗಿ ಹೇಳಿದ. ಗುಲಾಮರನ್ನೂ ಸೇರಿಸಿಕೊಳ್ಳೋಣ ಅಂತ ಜೊತೆಗಾರ ಶಾವಾನ್ ಹೇಳಿದನಂತೆ, ಓಜೆ ಒಪ್ಪಲಿಲ್ಲವಂತೆ. ಇಬ್ಬರೂ ಸಿಕ್ಕಿಬಿದ್ದರು. 1791ರ ಫೆಬ್ರುವರಿಯಲ್ಲಿ ಲ ಕ್ಯಾಪ್ ಪಟ್ಟಣದ ಚೌಕದಲ್ಲಿ ಇಬ್ಬರನ್ನೂ ಚಕ್ರಕ್ಕೆ ಕಟ್ಟಿ, ಎಲುಬು ಮುರಿದು ಕೊಂದರು.

ಅದೇ ವರ್ಷ ಆಗಸ್ಟ್‌ನಲ್ಲಿ ಏಣಿಯ ಕಟ್ಟಕಡೆಯ ಮೆಟ್ಟಿಲು ಅಲುಗಾಡಿತು. ಉತ್ತರದ ತೋಟಗಳ ಗುಲಾಮ ಮುಂದಾಳುಗಳು ಕಾಡಿನಲ್ಲಿ ಗುಟ್ಟಾಗಿ ಸೇರಿದರು. ಬೂಕ್ಮನ್ ಅನ್ನೋನು ನಾಯಕ. ಬ್ವಾ ಕೈಮನ್ ಅನ್ನೋ ಜಾಗದಲ್ಲಿ ನಡೆದ ಪೂಜೆ, ಪ್ರಮಾಣ ಇವತ್ತಿಗೂ ಹೈಟಿಯ ನೆನಪಿನಲ್ಲಿ ದೊಡ್ಡ ವಿಷಯ. ಆಗಸ್ಟ್ 22ರ ರಾತ್ರಿ ಬೆಂಕಿ ಹತ್ತಿತು. ಕೆಲವೇ ವಾರಗಳಲ್ಲಿ ನೂರಾರು ತೋಟಗಳು ಬೂದಿಯಾದವು. ಗಾಣ, ಕೊಪ್ಪರಿಗೆ, ಗದ್ದೆ, ಮಾಲೀಕರ ಮನೆ ಎಲ್ಲ. ಬೂಕ್ಮನ್ ನವೆಂಬರ್‌ನಲ್ಲಿ ಸತ್ತ. ದಂಗೆ ನಿಲ್ಲಲಿಲ್ಲ.

ಈಗ ಎರಡು ಘಟನೆ ಹೇಳ್ತೀನಿ. ಹೆಚ್ಚಾಗಿ ಯಾರೂ ಹೇಳದೇ ಇರೋವು.

ಮೊದಲನೆಯದು ಪಶ್ಚಿಮದಲ್ಲಿ. ಅಲ್ಲಿ ವರ್ಣೀಯರು ಬಿಳಿಯರ ವಿರುದ್ಧ ಹೋರಾಡುವಾಗ ಕೆಲವು ನೂರು ಗುಲಾಮರ ಕೈಗೂ ಆಯುಧ ಕೊಟ್ಟರು. ಅವರಿಗೆ ‘ಸ್ವಿಸ್’ ಅಂತ ಅಡ್ಡಹೆಸರು. ಫ್ರಾನ್ಸ್ ರಾಜನ ಕೂಲಿ ಸೈನಿಕರ ಹೆಸರು ಅದು. ಇವರ ಬಲದಿಂದ ವರ್ಣೀಯರು ಗೆದ್ದರು. ಗೆದ್ದಮೇಲೆ ಬಿಳಿಯರ ಜೊತೆ ರಾಜಿ ಆಯ್ತು. ರಾಜಿಯಲ್ಲಿ ಈ ಗುಲಾಮ ಸೈನಿಕರನ್ನು ಏನು ಮಾಡೋದು? ಹಡಗು ಹತ್ತಿಸಿ ದ್ವೀಪದಿಂದಲೇ ಸಾಗಹಾಕಿದರು. ಇನ್ನೂರಕ್ಕೂ ಹೆಚ್ಚು ಜನ. ಹಡಗು ಸುತ್ತಾಡಿ ವಾಪಸ್ ಬಂದಾಗ ಅವರಲ್ಲಿ ಎಷ್ಟೋ ಜನರನ್ನು ಕೊಂದುಹಾಕಲಾಯಿತು. ವರ್ಣೀಯ ನಾಯಕರಲ್ಲೇ ಕೆಲವರು ಇದನ್ನು ವಿರೋಧಿಸಿದ್ದರು. ಆದರೂ ನಡೆದುಹೋಯಿತು.

ಎರಡನೆಯದು ಉತ್ತರದಲ್ಲಿ. ದಂಗೆಯ ಮುಖಂಡರಾದ ಜಾನ್ ಫ್ರಾನ್ಸ್ವಾ ಮತ್ತು ಬಿಯಾಸೂ 1791ರ ಕೊನೆಯಲ್ಲಿ ಸಂಧಾನಕ್ಕೆ ಕೂತರು. ಅವರು ಇಟ್ಟ ಷರತ್ತು: ಮುಖಂಡರಾದ ಕೆಲವು ನೂರು ಜನರಿಗೆ ಬಿಡುಗಡೆ ಕೊಡಿ, ಉಳಿದ ಸಾವಿರಾರು ಜನರನ್ನು ನಾವೇ ತೋಟಕ್ಕೆ ವಾಪಸ್ ಕಳಿಸ್ತೀವಿ. ಚೌಕಾಸಿಯಲ್ಲಿ ಆ ಕೆಲವು ನೂರು, ಕೆಲವು ಹತ್ತುಗಳಿಗೆ ಇಳಿಯಿತು. ಈ ಮಾತುಕತೆಯಲ್ಲಿ ಓಡಾಡಿದವರಲ್ಲಿ ಒಬ್ಬ ಮುಂದೆ ಲೋಕಪ್ರಸಿದ್ಧನಾದ ಟೂಸಾಂ ಲೂವರ್ತೂರ್. ಸಂಧಾನ ಮುರಿದದ್ದು ಯಾಕೆ ಗೊತ್ತಾ? ದುರಹಂಕಾರಿ ಬಿಳಿಯರ ಸಭೆ ಅಷ್ಟನ್ನೂ ಕೊಡಲು ಒಪ್ಪಲಿಲ್ಲ.

ನಾನು ಇದನ್ನು ಓದಿ ಪುಸ್ತಕ ಮಡಚಿಟ್ಟು ಸುಮ್ಮನೆ ಕೂತಿದ್ದೆ. ಆ ಸಭೆ ಸ್ವಲ್ಪ ಜಾಣತನ ತೋರಿಸಿದ್ದರೆ, ಐದು ಲಕ್ಷ ಜನರ ಬಿಡುಗಡೆಯನ್ನು ಕೆಲವು ಹತ್ತು ಜನರ ಬಿಡುಗಡೆಗೆ ಮಾರಿ ಆಗಿರುತ್ತಿತ್ತು.

ಮೂರು ಬಣ್ಣದ ಮೂವರು

ಹಾಗಾದ್ರೆ ಎಲ್ಲರಿಗೂ ಬಿಡುಗಡೆ ಅನ್ನೋದು ಬಂದದ್ದು ಹೇಗೆ?

1792ರ ಏಪ್ರಿಲ್ 4ರಂದು ಫ್ರಾನ್ಸ್ ಸ್ವತಂತ್ರ ವರ್ಣೀಯರಿಗೆ ಪೂರ್ತಿ ಸಮಾನ ಹಕ್ಕು ಕೊಟ್ಟಿತು. ಉದ್ದೇಶ ಏನಂದ್ರೆ, ಇವರನ್ನು ಜೊತೆಗೆ ಹಾಕಿಕೊಂಡು ಗುಲಾಮರ ದಂಗೆ ಅಡಗಿಸೋದು. ಆ ಕಾನೂನು ಜಾರಿ ಮಾಡಲು ಸಾಂತೋನಾ ಮತ್ತು ಪೋಲ್ವೆರೆಲ್ ಅನ್ನೋ ಬಿಳಿಯ ಕಮಿಷನರ್‌ಗಳು ಬಂದರು. ಅಷ್ಟರಲ್ಲಿ ಫ್ರಾನ್ಸ್ ರಾಜನ ತಲೆ ಉರುಳಿತ್ತು, ಬ್ರಿಟನ್ ಮತ್ತು ಸ್ಪೇನ್ ಜೊತೆ ಯುದ್ಧ ಶುರುವಾಗಿತ್ತು. 1793ರ ಜೂನ್‌ನಲ್ಲಿ ಲ ಕ್ಯಾಪ್‌ನಲ್ಲೇ ಬಿಳಿಯರ ಒಂದು ಗುಂಪು ಈ ಕಮಿಷನರ್‌ಗಳ ಮೇಲೆ ತಿರುಗಿಬಿತ್ತು. ಸೋಲುವ ಸ್ಥಿತಿ. ಆಗ ಅವರು ಒಂದು ಘೋಷಣೆ ಹೊರಡಿಸಿದರು: ಗಣರಾಜ್ಯದ ಪರ ಹೋರಾಡುವ ಗುಲಾಮರಿಗೆ ಬಿಡುಗಡೆ. ಬೆಟ್ಟದಿಂದ ಸಾವಿರಾರು ದಂಗೆಕೋರರು ಇಳಿದುಬಂದರು. ಪಟ್ಟಣ ಉರಿಯಿತು, ಕಮಿಷನರ್‌ಗಳು ಉಳಿದರು.

ಆಗಸ್ಟ್ 29ರಂದು ಸಾಂತೋನಾ ಉತ್ತರ ಪ್ರಾಂತ್ಯದಲ್ಲಿ ಗುಲಾಮಗಿರಿ ರದ್ದು ಮಾಡಿದ. ಆತನಿಗೆ ಗುಲಾಮಗಿರಿ ಇಷ್ಟ ಇರಲಿಲ್ಲ ಅನ್ನೋದು ನಿಜ. ಆದರೆ ಆ ದಿನ ಆತನ ಕೈ ಹಿಡಿದು ಸಹಿ ಹಾಕಿಸಿದ್ದು ಎರಡು ವರ್ಷದಿಂದ ಆಯುಧ ಕೆಳಗಿಡದ ಜನ. ಮುಂದೆ ಪ್ಯಾರಿಸ್‌ಗೆ ಮೂವರು ಪ್ರತಿನಿಧಿಗಳು ಹೋದರು: ಒಬ್ಬ ಬಿಳಿಯ, ಒಬ್ಬ ಮಿಶ್ರವರ್ಣದವ, ಇನ್ನೊಬ್ಬ ಒಂದು ಕಾಲಕ್ಕೆ ಗುಲಾಮನಾಗಿದ್ದ ಜಾನ್ ಬಾಪ್ಟಿಸ್ಟ್ ಬೆಲ್ಲೆ. 1794ರ ಫೆಬ್ರುವರಿ 4ರಂದು ಅವರ ಎದುರೇ ಫ್ರಾನ್ಸ್ ತನ್ನೆಲ್ಲ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿತು.

ಈ ಸುದ್ದಿ ಕೇಳಿ ಯಾರಿಗೆ ಸಂಕಟವಾಯ್ತು? ಬಿಳಿ ಮಾಲೀಕರಿಗೆ ಹೇಗೂ ಆಯ್ತು. ಅವರ ಜೊತೆ ವರ್ಣೀಯ ತೋಟದ ಮಾಲೀಕರಿಗೂ ಆಯ್ತು. ಅಲ್ಲಿವರೆಗೆ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಈ ಎರಡು ಗುಂಪಿನವರಲ್ಲಿ ಎಷ್ಟೋ ಜನ ಒಟ್ಟಾಗಿ ತಮ್ಮ ಊರುಗಳನ್ನು ಬ್ರಿಟಿಷರ ಕೈಗೆ ಒಪ್ಪಿಸಿದರು. ಯಾಕಂದ್ರೆ ಬ್ರಿಟಿಷರ ಹಿಡಿತದಲ್ಲಿದ್ದ ಕಡೆ ಗುಲಾಮಗಿರಿ ಉಳಿಯುತ್ತಿತ್ತು. ಆಸ್ತಿಯ ಪ್ರಶ್ನೆ ಬಂದಾಗ ಬಣ್ಣದ ಜಗಳ ಪಕ್ಕಕ್ಕೆ ಸರಿಯಿತು ನೋಡಿ.

ಟೂಸಾಂ ಮತ್ತು ರಿಗೋ

ಈಗ ಟೂಸಾಂ ಬಗ್ಗೆ. ಬ್ರೆಡಾ ಅನ್ನೋ ತೋಟದಲ್ಲಿ ಗುಲಾಮನಾಗಿ ಹುಟ್ಟಿದವ. ಕ್ರಾಂತಿಗೆ ಎಷ್ಟೋ ವರ್ಷ ಮುಂಚೆಯೇ ಬಿಡುಗಡೆ ಪಡೆದಿದ್ದ. ಅಷ್ಟೇ ಅಲ್ಲ, ಸ್ವಲ್ಪ ಕಾಲ ಆತ ಒಂದು ಸಣ್ಣ ಕಾಫಿ ತೋಟವನ್ನು ಗುಲಾಮರ ಸಮೇತ ಗುತ್ತಿಗೆಗೆ ಹಿಡಿದಿದ್ದ ಅನ್ನೋ ದಾಖಲೆ ಸಿಕ್ಕಿದೆ. ಮೊದಲು ಸ್ಪೇನ್ ಪರ ಹೋರಾಡಿ, 1794ರಲ್ಲಿ ಫ್ರಾನ್ಸ್ ಕಡೆಗೆ ಬಂದ. 1798ರ ಹೊತ್ತಿಗೆ ಬ್ರಿಟಿಷರು ಸೋತು ಹೊರಟರು. ಉತ್ತರ, ಪಶ್ಚಿಮ ಎಲ್ಲ ಟೂಸಾಂ ಕೈಯಲ್ಲಿ.

ದಕ್ಷಿಣ ಮಾತ್ರ ಇನ್ನೊಬ್ಬನ ಕೈಯಲ್ಲಿತ್ತು. ಆಂದ್ರೆ ರಿಗೋ. ಬಿಳಿ ಅಪ್ಪ, ಕಪ್ಪು ಅಮ್ಮ. ಫ್ರಾನ್ಸ್‌ನ ಬೋರ್ಡೋದಲ್ಲಿ ಓದಿದವ, ಅಕ್ಕಸಾಲಿಗ ವೃತ್ತಿಯವ, ಒಳ್ಳೆ ಸೇನಾನಿ. ಆತನೂ ಬ್ರಿಟಿಷರ ವಿರುದ್ಧ ಗಣರಾಜ್ಯದ ಪರವೇ ಹೋರಾಡಿದ್ದ. ಇಬ್ಬರ ನಡುವೆ ಇದ್ದ ಬಿರುಕಿಗೆ ಫ್ರಾನ್ಸ್‌ನಿಂದ ಬಂದ ಎದುವಿಲ್ ಅನ್ನೋ ಅಧಿಕಾರಿ ಬೆಣೆ ಹೊಡೆದ. ಟೂಸಾಂ ತನ್ನನ್ನು ವಾಪಸ್ ಅಟ್ಟಿದಾಗ, ಹೋಗುವ ಮುಂಚೆ, ರಿಗೋ ಇನ್ನು ಟೂಸಾಂ ಮಾತು ಕೇಳಬೇಕಾಗಿಲ್ಲ ಅಂತ ಆದೇಶ ಬರೆದಿಟ್ಟು ಹೋದ.

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದದ್ದು ನಮಗೆ ಗೊತ್ತು. ಫ್ರಾನ್ಸ್‌ನ ನೆರವು ಬರುತ್ತೆ ಅಂತ ಆತ ಕಾದಿದ್ದ. ಅದರ ಮುಂದಿನ ತಿಂಗಳು, ಜೂನ್‌ನಲ್ಲಿ, ಅದೇ ಫ್ರಾನ್ಸ್‌ನ ವಸಾಹತಿನಲ್ಲಿ ಟೂಸಾಂ–ರಿಗೋ ಯುದ್ಧ ಶುರುವಾಯ್ತು. ಅದಕ್ಕೆ ‘ಚಾಕುಗಳ ಯುದ್ಧ’ ಅಂತ ಹೆಸರು.

ಇದನ್ನು ಕಪ್ಪು ಜನ ಮತ್ತು ಮಿಶ್ರವರ್ಣದವರ ನಡುವಿನ ಜನಾಂಗ ಯುದ್ಧ ಅಂತ ಹೇಳೋದು ರೂಢಿ. ಅವತ್ತಿನ ನಾಯಕರೇ ಹಾಗೆ ಹೇಳಿದರು. ರಿಗೋ ಒಬ್ಬ ಕಪ್ಪು ಮನುಷ್ಯನ ಕೈಕೆಳಗೆ ಇರಲು ಒಪ್ಪುತ್ತಿಲ್ಲ ಅಂತ ಟೂಸಾಂ ಆರೋಪಿಸಿದ. ರಿಗೋ ಅದನ್ನು ಅಲ್ಲಗಳೆದ. ಆದರೆ ಸೈನ್ಯಗಳನ್ನು ನೋಡಿ. ಟೂಸಾಂ ಕಡೆ ಕ್ಲೆರ್ವೋ ಥರದ ಮಿಶ್ರವರ್ಣದ ಅಧಿಕಾರಿಗಳಿದ್ದರು. ರಿಗೋ ಕಡೆ ಲಾಮೂರ್ ದೆರಾನ್ಸ್ ಥರದ ಕಪ್ಪು ಮುಖಂಡರಿದ್ದರು. ದಕ್ಷಿಣದ ಸಾಮಾನ್ಯ ಸೈನಿಕರಲ್ಲಿ ಹೆಚ್ಚಿನವರು ಕಪ್ಪು ಜನರೇ. ದ್ವೀಪವನ್ನು ಯಾರು ಆಳಬೇಕು, ಹಳೆ ಕಾಲದಿಂದ ಸ್ವತಂತ್ರರಾಗಿ ಆಸ್ತಿ ಮಾಡಿಕೊಂಡವರೋ, ಹೊಸದಾಗಿ ಬಿಡುಗಡೆಯಾಗಿ ಸೈನ್ಯದಲ್ಲಿ ಮೇಲೆ ಬಂದವರೋ? ಜಗಳ ಇದ್ದದ್ದು ಇಲ್ಲಿ. ಆದರೆ ಜನರನ್ನು ಬೇಗ ಒಗ್ಗೂಡಿಸೋಕೆ, ಬೇಗ ಹೆದರಿಸೋಕೆ ಬಣ್ಣದಷ್ಟು ಸುಲಭದ ಕೂಗು ಬೇರೆ ಇಲ್ಲ.

ಜಾಕ್ಮೆಲ್ ಅನ್ನೋ ಬಂದರಿಗೆ ತಿಂಗಳುಗಟ್ಟಲೆ ಮುತ್ತಿಗೆ ಬಿತ್ತು. ಟೂಸಾಂ ಪರವಾಗಿ ಆ ಬಂದರಿನ ಮೇಲೆ ಗುಂಡು ಹಾರಿಸಿದ್ದು ಅಮೆರಿಕದ ಯುದ್ಧನೌಕೆ! ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದ ದೇಶ ವ್ಯಾಪಾರದ ಆಸೆಗೆ ಗುಲಾಮನಾಗಿ ಹುಟ್ಟಿದವನ ಬೆನ್ನಿಗೆ ನಿಂತಿತ್ತು. 1800ರ ಮಧ್ಯದ ಹೊತ್ತಿಗೆ ರಿಗೋ ಸೋತು ಫ್ರಾನ್ಸ್‌ಗೆ ಹೋದ. ದಕ್ಷಿಣದಲ್ಲಿ ಟೂಸಾಂನ ಸೇನಾನಿ ದೆಸಾಲಿನ್ ಕಠಿಣವಾಗಿ ಸೇಡು ತೀರಿಸಿಕೊಂಡ. ಆ ಗಾಯ ಎಷ್ಟೋ ಕಾಲ ಮಾಗಲಿಲ್ಲ.

ಕೂಲಿ ಮಾಡಬೇಕಾದವರು ಯಾರು?

ಈಗ ಟೂಸಾಂಗೆ ಎದುರಾಳಿಯೇ ಇಲ್ಲ. ಆದರೆ ಒಂದು ಸಮಸ್ಯೆ. ಫ್ರಾನ್ಸ್ ಮತ್ತೆ ಬರಬಹುದು. ಅದನ್ನು ತಡೆಯಲು ಸೈನ್ಯ ಬೇಕು. ಸೈನ್ಯಕ್ಕೆ ಬಂದೂಕು, ಮದ್ದು ಬೇಕು. ಅದನ್ನು ಕೊಳ್ಳಲು ಸಕ್ಕರೆ, ಕಾಫಿ ಮಾರಬೇಕು. ಅದನ್ನು ಬೆಳೆಯಲು ದೊಡ್ಡ ತೋಟ ನಡೆಯಬೇಕು. ತೋಟದಲ್ಲಿ ದುಡಿಯೋರು ಯಾರು?

ಬಿಡುಗಡೆಯಾದ ಜನರಿಗೆ ಬೇಕಾಗಿದ್ದದ್ದು ಬೇರೆ. ಸ್ವಂತ ತುಂಡು ಭೂಮಿ, ಅದರಲ್ಲಿ ಮನೆಗೆ ಬೇಕಾದ ಬೆಳೆ, ಸಂತೆಗೆ ಒಂದಿಷ್ಟು ತರಕಾರಿ. ಅವರ ಪಾಲಿಗೆ ಸ್ವಾತಂತ್ರ್ಯ ಅಂದ್ರೆ ಅದು. ಬೇರೆಯವರ ಕಬ್ಬಿಗೆ ಮತ್ತೆ ಕೈ ಹಾಕೋದಲ್ಲ.

1800ರ ಅಕ್ಟೋಬರ್‌ನಲ್ಲಿ ಟೂಸಾಂ ಆದೇಶ ಹೊರಡಿಸಿದ. ಕೂಲಿಗಾರರು ತಮ್ಮ ತೋಟ ಬಿಟ್ಟು ಹೋಗುವಂತಿಲ್ಲ. ಸೈನ್ಯದ ಶಿಸ್ತಿನಲ್ಲಿ ದುಡಿಯಬೇಕು. ಬೆಳೆಯಲ್ಲಿ ನಾಲ್ಕನೇ ಒಂದು ಪಾಲು ಅವರಿಗೆ. ಮುಂದೆ ಸಣ್ಣ ತುಂಡು ಭೂಮಿ ಕೊಳ್ಳೋದಕ್ಕೂ ತಡೆ ಬಂತು. ಓಡಿಹೋಗಿದ್ದ ಬಿಳಿ ಮಾಲೀಕರನ್ನು ವಾಪಸ್ ಕರೆದು ತೋಟ ಒಪ್ಪಿಸಿದ. 1801ರ ಸಂವಿಧಾನದಲ್ಲಿ ಗುಲಾಮಗಿರಿ ಎಂದೆಂದಿಗೂ ಇಲ್ಲ ಅಂತ ಬರೆಸಿದ, ಟೂಸಾಂ ಜೀವನಪರ್ಯಂತ ಗವರ್ನರ್ ಅಂತಲೂ ಬರೆಸಿದ.

ಆ ವರ್ಷ ಅಕ್ಟೋಬರ್‌ನಲ್ಲಿ ಉತ್ತರದ ಕೂಲಿಗಾರರು ದಂಗೆ ಎದ್ದರು. ನೂರಾರು ಬಿಳಿಯರು ಸತ್ತರು. ದಂಗೆಯ ಹಿಂದೆ ಇದ್ದಾನೆ ಅಂತ ಆರೋಪ ಬಂದದ್ದು ಮೊಯೀಸ್ ಮೇಲೆ. ಉತ್ತರದ ಸೇನಾಪತಿ. ಟೂಸಾಂ ಆತನನ್ನು ಅಣ್ಣನ ಮಗನ ಹಾಗೆ ಸಾಕಿದ್ದ. ತನ್ನ ಜನರ ಮೇಲೆ ಚಾಟಿ ಬೀಸೋಕೆ ಒಪ್ಪದವ ಅಂತ ಮೊಯೀಸ್‌ಗೆ ಹೆಸರಿತ್ತು. ನವೆಂಬರ್‌ನಲ್ಲಿ ಟೂಸಾಂ ಆತನನ್ನು ಗುಂಡಿಟ್ಟು ಕೊಲ್ಲಿಸಿದ. ಇಲ್ಲಿ ಇಬ್ಬರೂ ಕಪ್ಪು, ಇಬ್ಬರೂ ಒಂದೇ ಮನೆಯವರು. ಬಣ್ಣದ ಲೆಕ್ಕದಲ್ಲಿ ಈ ಸಾವಿಗೆ ಅರ್ಥವೇ ಇಲ್ಲ. ಭೂಮಿಯ ಲೆಕ್ಕದಲ್ಲಿ ಇದೆ.

ಮತ್ತೆ ಒಂದಾದದ್ದು

1802ರ ಫೆಬ್ರುವರಿಯಲ್ಲಿ ನೆಪೋಲಿಯನ್‌ನ ಭಾವಮೈದುನ ಲಕ್ಲೆರ್ ದೊಡ್ಡ ಸೈನ್ಯ ತಂದ. ಆ ಹಡಗುಗಳಲ್ಲಿ ರಿಗೋ ಇದ್ದ, ಆತನ ಕಡೆಯ ಅಧಿಕಾರಿ ಪೇಟಿಯಾನ್ ಕೂಡ ಇದ್ದ. ಕೆಲವೇ ತಿಂಗಳಲ್ಲಿ ಕ್ರಿಸ್ತೋಫ್, ಟೂಸಾಂ, ದೆಸಾಲಿನ್ ಎಲ್ಲರೂ ಶರಣಾದರು. ಜೂನ್‌ನಲ್ಲಿ ಟೂಸಾಂನನ್ನು ಮೋಸದಿಂದ ಹಿಡಿದು ಫ್ರಾನ್ಸ್‌ಗೆ ಸಾಗಿಸಿದರು. 1803ರ ಏಪ್ರಿಲ್ 7ರಂದು ಚಳಿಯ ಬೆಟ್ಟದ ಕೋಟೆಯೊಂದರ ಸೆರೆಮನೆಯಲ್ಲಿ ಆತ ಸತ್ತ.

ದೊಡ್ಡ ಸೇನಾನಿಗಳೆಲ್ಲ ಫ್ರೆಂಚರ ಸಮವಸ್ತ್ರ ಹಾಕಿಕೊಂಡಾಗಲೂ ಬೆಟ್ಟದಲ್ಲಿ ಹೋರಾಟ ಬಿಡದವರು ಇದ್ದರು. ಹೆಚ್ಚಾಗಿ ಆಫ್ರಿಕಾದಲ್ಲೇ ಹುಟ್ಟಿದ ಮುಖಂಡರು ಅವರು. ಅವರಲ್ಲಿ ಒಬ್ಬ ಸಾನ್ ಸೂಸಿ. ಅಷ್ಟರಲ್ಲಿ ಪಕ್ಕದ ಗ್ವಾಡಲೂಪ್‌ನಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ಮತ್ತೆ ತಂದ ಅನ್ನೋ ಸುದ್ದಿ ಬಂತು. ಆಗ ಎಲ್ಲರಿಗೂ ಕಣ್ಣು ತೆರೆಯಿತು. 1802ರ ಅಕ್ಟೋಬರ್‌ನಲ್ಲಿ ಪೇಟಿಯಾನ್, ಕ್ಲೆರ್ವೋ, ಕ್ರಿಸ್ತೋಫ್, ದೆಸಾಲಿನ್ ಎಲ್ಲರೂ ಫ್ರೆಂಚರ ವಿರುದ್ಧ ತಿರುಗಿದರು. ಚಾಕುಗಳ ಯುದ್ಧದಲ್ಲಿ ಎದುರುಬದುರು ನಿಂತಿದ್ದ ಪೇಟಿಯಾನ್ ಮತ್ತು ದೆಸಾಲಿನ್ ಈಗ ಒಂದೇ ಕಡೆ. ಹಳದಿ ಜ್ವರ ಫ್ರೆಂಚ್ ಸೈನ್ಯವನ್ನು ತಿಂದುಹಾಕಿತು. ಲಕ್ಲೆರ್ ಕೂಡ ಅದರಲ್ಲೇ ಸತ್ತ. 1803ರ ನವೆಂಬರ್ 18ರಂದು ವೆರ್ತಿಯೇರ್‌ನಲ್ಲಿ ಕೊನೆಯ ಯುದ್ಧ, 1804ರ ಜನವರಿ 1ರಂದು ಸ್ವಾತಂತ್ರ್ಯ. ವಸಾಹತಿನ ಹೆಸರು ಬಿಟ್ಟು, ಆ ನೆಲದ ಮೂಲನಿವಾಸಿಗಳ ಹೆಸರು ಇಟ್ಟರು: ಹೈಟಿ.

ಸಾನ್ ಸೂಸಿ ಏನಾದ? ನಿನ್ನೆವರೆಗೆ ಫ್ರೆಂಚರ ಪರ ನಮ್ಮನ್ನು ಬೇಟೆಯಾಡಿದವರ ಮಾತನ್ನು ಇವತ್ತು ಯಾಕೆ ಕೇಳಬೇಕು ಅನ್ನೋದು ಆತನ ವಾದ. 1803ರಲ್ಲಿ ಕ್ರಿಸ್ತೋಫ್ ಮಾತುಕತೆಗೆ ಕರೆಸಿ ಆತನನ್ನು ಕೊಲ್ಲಿಸಿದ. ಮುಂದೆ ತಾನು ರಾಜನಾದಾಗ ಕ್ರಿಸ್ತೋಫ್ ಕಟ್ಟಿಸಿದ ಅರಮನೆಯ ಹೆಸರೂ ‘ಸಾನ್ ಸೂಸಿ’. ಇದು ಜರ್ಮನಿಯ ಅರಮನೆಯ ಹೆಸರಿನ ನಕಲು ಅಂತ ಎಲ್ಲರೂ ನಂಬಿದ್ದರು. ಕೊಂದವನ ಹೆಸರನ್ನು ಕಲ್ಲಿನಲ್ಲಿ ನುಂಗಿಹಾಕುವ ರೀತಿ ಇದು ಇರಬಹುದು ಅಂತ ಹೈಟಿಯ ಇತಿಹಾಸಕಾರ ಟ್ರೂಯೋ ವಾದಿಸಿದರು.

‘ಎಲ್ಲರೂ ಕಪ್ಪು’

ಸ್ವಾತಂತ್ರ್ಯದ ನಂತರದ ತಿಂಗಳುಗಳಲ್ಲಿ ದೆಸಾಲಿನ್ ಆದೇಶದಂತೆ ದ್ವೀಪದಲ್ಲಿ ಉಳಿದಿದ್ದ ಫ್ರೆಂಚರ ಹತ್ಯಾಕಾಂಡ ನಡೆಯಿತು. 3ರಿಂದ 5 ಸಾವಿರ ಜನ, ಹೆಂಗಸರು ಮಕ್ಕಳು ಸೇರಿ. ಮತ್ತೆ ಬಂದು ಗುಲಾಮರನ್ನಾಗಿ ಮಾಡ್ತಾರೆ ಅನ್ನೋ ಭಯ ಇತ್ತು, ಹದಿಮೂರು ವರ್ಷದ ರಕ್ತದ ನೆನಪಿತ್ತು. ಕಾರಣ ಹೇಳಬಹುದು. ಹಾಗಂತ ಅದನ್ನು ಬಿಟ್ಟು ಈ ಕಥೆ ಹೇಳೋದು ಸರಿಯಲ್ಲ.

ಅದೇ ದೆಸಾಲಿನ್ 1805ರ ಸಂವಿಧಾನದಲ್ಲಿ ಬರೆಸಿದ್ದು ನೋಡಿ. ಬಿಳಿಯರು ಮಾಲೀಕರಾಗಿ ಈ ನೆಲಕ್ಕೆ ಕಾಲಿಡುವಂತಿಲ್ಲ. ಆದರೆ ಪೌರತ್ವ ಪಡೆದ ಬಿಳಿ ಹೆಂಗಸರಿಗೆ, ಜರ್ಮನ್ನರಿಗೆ ಮತ್ತು ಪೋಲಿಷ್ ಜನರಿಗೆ ಈ ನಿಯಮ ಇಲ್ಲ. ಪೋಲಿಷ್ ಸೈನಿಕರು ಲಕ್ಲೆರ್ ಸೈನ್ಯದ ಜೊತೆ ಬಂದವರು. ಅವರಲ್ಲಿ ಕೆಲವರು ಈ ಕಡೆ ಸೇರಿದ್ದರು. ಆಮೇಲಿನ ವಾಕ್ಯದ ಸಾರಾಂಶ ಇದು: ಇನ್ನು ಮುಂದೆ ಬಣ್ಣದ ಭೇದ ಇಲ್ಲ, ಎಲ್ಲ ಹೈಟಿಯನ್ನರೂ ‘ಕಪ್ಪು’ ಅನ್ನೋ ಒಂದೇ ಹೆಸರಿನಿಂದ ಗುರುತಿಸಲ್ಪಡುತ್ತಾರೆ.

ಯೋಚಿಸಿ. 128 ಭಾಗದ ಲೆಕ್ಕವನ್ನು ಒಂದೇ ವಾಕ್ಯದಲ್ಲಿ ಹರಿದು ಬಿಸಾಕಿದ್ದು ಇದು. ಪೋಲೆಂಡ್‌ನಿಂದ ಬಂದ ನೀಲಿ ಕಣ್ಣಿನ ಸೈನಿಕ ಕಾನೂನಿನ ಪ್ರಕಾರ ಕಪ್ಪು ಮನುಷ್ಯ!

ಕಾಗದದ ಮೇಲೆ ಏಣಿ ಮುರಿಯಿತು. ಭೂಮಿ ಮಾತ್ರ ಹಂಚಿಕೆಯಾಗಲಿಲ್ಲ. ಬಿಳಿ ಅಪ್ಪಂದಿರ ತೋಟ ನಮ್ಮದು ಅಂತ ಎಷ್ಟೋ ವರ್ಣೀಯರು ಕಾಗದಪತ್ರ ಹಿಡಿದು ಬಂದರು. ದೆಸಾಲಿನ್ ಆ ಪತ್ರಗಳ ತಪಾಸಣೆ ಶುರುಮಾಡಿದ. ಅಪ್ಪಂದಿರು ಆಫ್ರಿಕಾದಲ್ಲಿ ಉಳಿದವರಿಗೆ ಏನೂ ಸಿಗಬಾರದೇ ಅಂತ ಆತ ಕೇಳಿದ ಅನ್ನೋದು ಹೈಟಿಯಲ್ಲಿ ಪ್ರಸಿದ್ಧ ಮಾತು. ಜೊತೆಗೆ ಆತನ ಕೂಲಿ ನಿಯಮಗಳೂ ಕಠಿಣವಾಗಿದ್ದವು, ಆದ್ದರಿಂದ ಕೆಳಗಿನವರ ಪ್ರೀತಿಯೂ ಉಳಿದಿರಲಿಲ್ಲ. 1806ರ ಅಕ್ಟೋಬರ್ 17ರಂದು ಪೋರ್ಟ್ ಒ ಪ್ರಿನ್ಸ್ ಹೊರಗಿನ ಸೇತುವೆಯ ಬಳಿ ಆತನನ್ನು ಅವನದೇ ಸೇನಾನಿಗಳು ಹೊಂಚುಹಾಕಿ ಕೊಂದರು.

ಆಮೇಲೆ ದೇಶ ಎರಡಾಯಿತು. ಉತ್ತರದಲ್ಲಿ ಕ್ರಿಸ್ತೋಫ್, 1811ರಲ್ಲಿ ರಾಜನಾದ. ದಕ್ಷಿಣದಲ್ಲಿ ಪೇಟಿಯಾನ್‌ನ ಗಣರಾಜ್ಯ. ಕಪ್ಪು ರಾಜ, ಮಿಶ್ರವರ್ಣದ ಅಧ್ಯಕ್ಷ. ಮತ್ತೆ ಬಣ್ಣದ ಜಗಳ ಅನ್ನಿಸುತ್ತೆ. ಆದರೆ ಕಪ್ಪು ರಾಜನ ರಾಜ್ಯದಲ್ಲಿ ಕಪ್ಪು ಜನ ಸೈನಿಕರ ಕಾವಲಿನಲ್ಲಿ ತೋಟದಲ್ಲಿ ದುಡಿದರು. ಸೈನಿಕರಿಗೆ ಭೂಮಿ ಹಂಚಿದ್ದು ಪೇಟಿಯಾನ್. ಹಾಗಂತ ಆತನ ಕಡೆ ವ್ಯಾಪಾರ, ಅಧಿಕಾರ ಎಲ್ಲ ಹಳೆ ಸ್ವತಂತ್ರ ಮನೆತನಗಳ ಕೈಯಲ್ಲೇ ಉಳಿಯಿತು.

1820ರಲ್ಲಿ ಬೊಯೆ ಅನ್ನೋ ಅಧ್ಯಕ್ಷ ಎರಡನ್ನೂ ಒಂದು ಮಾಡಿದ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ಕಳಿಸಿ ಷರತ್ತು ಹಾಕಿತು: ನಿಮ್ಮ ಸ್ವಾತಂತ್ರ್ಯವನ್ನು ಒಪ್ಪುತ್ತೇವೆ, ನಮ್ಮ ಮಾಲೀಕರು ಕಳೆದುಕೊಂಡ ಆಸ್ತಿಗೆ 15 ಕೋಟಿ ಫ್ರಾಂಕ್ ಕೊಡಿ. ಮುಂದೆ ಅದು 9 ಕೋಟಿಗೆ ಇಳಿಯಿತು. ಅದನ್ನು ತೀರಿಸಲು ಸಾಲ, ಆ ಸಾಲಕ್ಕೆ ಬಡ್ಡಿ. ಈ ಸರಪಳಿ 20ನೇ ಶತಮಾನದವರೆಗೂ ಎಳೆಯಿತು. ಹಣ ಬಂದದ್ದು ಎಲ್ಲಿಂದ? ಬೆಟ್ಟದ ಸಣ್ಣ ರೈತರು ಬೆಳೆದ ಕಾಫಿಯ ಮೇಲಿನ ತೆರಿಗೆಯಿಂದ. 1826ರಲ್ಲಿ ಬೊಯೆ ಸರ್ಕಾರ ರೈತಕೂಲಿಗಳನ್ನು ಮತ್ತೆ ತೋಟಕ್ಕೆ ಕಟ್ಟಿಹಾಕುವ ಕಾನೂನು ತಂದಿತು. ಗುಲಾಮರಾಗಿದ್ದವರು ತಮ್ಮ ಬಿಡುಗಡೆಯ ಬೆಲೆಯನ್ನು ತಮ್ಮ ಮಾಲೀಕರಿಗೇ ಕಟ್ಟಿದರು.

ನಾನು ಹರಿದ ಸ್ಕ್ರಿಪ್ಟ್‌ಗೆ ವಾಪಸ್ ಬರ್ತೀನಿ. ಈ ಒಳಜಗಳಗಳನ್ನೆಲ್ಲ ಕೇಳಿ, ‘ನೋಡಿದ್ರಾ, ಅವರಿಗೆ ಆಳೋಕೆ ಬರಲಿಲ್ಲ’ ಅಂತ ಹೇಳೋರು ಅವತ್ತೂ ಇದ್ದರು, ಇವತ್ತೂ ಇದ್ದಾರೆ. ನನಗೆ ಕಂಡದ್ದು ಬೇರೆ. ಬಣ್ಣದ ಏಣಿ ಕಟ್ಟಿದ್ದು ತೋಟ. ಕ್ರಾಂತಿ ಮಾಲೀಕರನ್ನು ಓಡಿಸಿತು, ಏಣಿಯನ್ನು ಕಾನೂನಿನಿಂದ ಕಿತ್ತುಹಾಕಿತು. ಆದರೆ ಅಧಿಕಾರಕ್ಕೆ ಬಂದವರು ಯಾವ ಬಣ್ಣದವರೇ ಆಗಲಿ, ತೋಟ ಮಾತ್ರ ನಡೀಲೇಬೇಕು ಅಂತ ಹೊರಟರು. ತೋಟ ಇದ್ದಲ್ಲಿ ಏಣಿ ಮತ್ತೆ ಚಿಗುರಿತು. ಅದಕ್ಕೆ ಕೊನೆವರೆಗೂ ಒಪ್ಪದೇ ಬೆಟ್ಟ ಹತ್ತಿ, ತುಂಡು ಭೂಮಿ ಮಾಡಿಕೊಂಡು ಬದುಕಿದ ಸಾಮಾನ್ಯ ಜನರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ.

ಆದರೂ ಅವರ ಮಾತಿನಲ್ಲಿ ಒಂದು ಗುರುತು ಉಳಿದಿದೆ. ಹೈಟಿಯ ಜನ ಆಡೋ ಕ್ರಿಯೋಲ್ ಭಾಷೆಯಲ್ಲಿ ‘ನೆಗ್’ ಅನ್ನೋ ಪದ ಇದೆ. ಮೂಲದಲ್ಲಿ ಅದು ಕಪ್ಪು ಮನುಷ್ಯ ಅನ್ನೋ ಫ್ರೆಂಚ್ ಪದ, ಮಾಲೀಕರ ಬಾಯಲ್ಲಿ ಬೈಗುಳ. ಈಗ ಅದರ ಅರ್ಥ ಬರೀ ‘ಮನುಷ್ಯ’. ‘ಬ್ಲಾಂ’ ಅಂದ್ರೆ ಬಿಳಿಯ. ಈಗ ಅದರ ಅರ್ಥ ‘ಹೊರಗಿನವ’, ಚರ್ಮ ಯಾವ ಬಣ್ಣದ್ದೇ ಇರಲಿ. ನಾಳೆ ನೀವೋ ನಾನೋ ಅಲ್ಲಿಗೆ ಹೋದರೆ ನಮ್ಮನ್ನೂ ‘ಬ್ಲಾಂ’ ಅಂತಲೇ ಕರೆದಾರು.